ಕೈಗೆ ಸಿಗದ ಕೆಂಪ ಬಾಟ್ಲಿ

“ಎಡಕ್ಕರಿ ಕಾಕಾ, ಎಡಕ್ಕ! ಉಣ್ಣೂ ಕೈ ಕಡೆ ಅಲ್ರಿ, ಆ ಕಡೆ!”

ನಾ ಒದರಾಕತ್ತಿದ್ನಿ. ಗಿರಾಕಿ ಕಾಕಾನ ತಲಿ ಮ್ಯಾಲ ಮಷೀನಿನ ಟೊಪ್ಪಗಿ, ಕಣ್ಣು ಕಿವಿ ಎರಡೂ ಮುಚ್ಚಿತ್ತು. ಕೈಯಾಗ ಗುಂಡಿ ಇರೂ ಕೋಲು. ದೇವರ ಹಿಪ್ಪರಗಿ ಸಂತಿ ದಿನ, ಬಸ್ ಸ್ಟ್ಯಾಂಡ್ ಮಗ್ಗಲಿನ ಮಳಗ್ಯಾಗ ಮಂದಿ ಕಿಕ್ಕಿರದಿದ್ರು.

“ಕಾಣಾಕತ್ತೈತೋ ತಮ್ಮಾ, ಕೈಗೆ ಬರವಲ್ದು!” ಅಂತ ಕಾಕಾ ಜೋರ್ಲೆ ಅಂದು ಕೈ ಬೀಸಿದ. ಕೋಲು ಬಂದು ನನ್ನ ಮೂಗಿಗೆ ಬಡೀತು. ಅಂಗಿ ತುಂಬ ರಕ್ತ. ಮಂದಿ ಹೊಟ್ಟಿ ಹಿಡಕೊಂಡು ನಕ್ರು. ಕಾಕಾ ಟೊಪ್ಪಗಿ ಒಳಗಿಂದನ ಕೇಳಿದ: “ಏನೋ ಬಡೀತು ನೋಡು. ಸಿಕ್ಕಿತೇನು?”

ಇದು ನನ್ನ ಕೆಲಸ ಇತ್ತು. ಏಳು ವರ್ಷ ಮಾಡಿದ್ನಿ. ಈಗ ನನಗ ಮೂವತ್ತೊಂದು. ಮುದುಕ ಆಗಿಲ್ಲ, ಆದ್ರ ಆ ಮಷೀನೂ ಇಲ್ಲ, ಆ ಕೆಲಸನೂ ಇಲ್ಲ, ಅಂದ ಮ್ಯಾಲ ನಾನೂ ರಿಟೈರ್ ಆದಂಗ. ಈಗ ಸಿಂದಗಿ, ಇಂಡಿ ಕಡೆ ಹುಡುಗರು ಗೇಮಿನ ಅಂಗಡಿ ಹಾಕಾಕತ್ತಾರ. “ಶಿವಣ್ಣಾ, ನಿನ್ನ ಕಾಲಕ್ಕ ಹೆಂಗಿತ್ತು?” ಅಂತ ಕೇಳ್ತಾರ. ಅದಕ್ಕ ಬರಿಯಾಕತ್ತೇನಿ. ನಾ ಏಳನೇತ್ತೆ ಪಾಸು. ಬರಿಯಾಕ ಬರತೈತಿ, ಚಂದ ಮಾಡಾಕ ಬರೂದಿಲ್ಲ.

ಮೊದಲನೇ ಮಾತು: ಗಿರಾಕಿ ಮುಂದ ನಿಂದ್ರಬ್ಯಾಡ್ರಿ. ಬೆನ್ನ ಹಿಂದ, ಬಲಗೈ ಹೆಗಲಿನ ಹಂತ್ಯಾಕ ನಿಂದರ್ರಿ. ನಾ ಇದನ್ನ ಮೂಗ ಕೊಟ್ಟು ಕಲ್ತೇನಿ.

ಮಷೀನು ನಮ್ಮ ಸಾವ್ಕಾರ್ರದು. ಅವರು ಮೊದಲ ಊರೂರ ಜಾತ್ರಿಗೆ ಕರೆಂಟಿನ ತೊಟ್ಟಿಲ ಒಯ್ದು ತಿರಗಸ್ತಿದ್ರು. ಪುಣೇದಾಗ ಒಂದು ದೊಡ್ಡ ಆಟದ ಹಾಲ್ ಬಂದ್ ಆದಾಗ ಈ ಪರದೇಶದ ಮಷೀನು ಗುಜರಿಗೆ ಹೊಂಟಿತ್ತು. ಸಾವ್ಕಾರ್ರು ಲಾರಿಗೆ ಹೇರಿ ತಂದ್ರು. ಗುಂಡನ ಕಟ್ಟಿಗಿ ಹಲಿಗಿ, ಸೊಂಟದ ಮಟ ಸುತ್ತ ಫೈಬರಿನ ಕಟಾಂಜನ, ಮ್ಯಾಲಿಂದ ಇಳಿಬಿದ್ದ ವಾಯರು, ಅದರ ತುದಿಗೆ ಟೊಪ್ಪಗಿ. ಟೊಪ್ಪಗಿ ಹಾಕೊಂಡಾಂವಗ ಒಳಗ ಬ್ಯಾರೆ ಜಗತ್ತನ ಕಾಣತಿತ್ತು. ಅಂವ ನೋಡಿದ್ದು ಹೊರಗ ಮಂದಿಗೆ ಟಿವ್ಯಾಗ ಕಾಣತಿತ್ತು. ಸಾವ್ಕಾರ್ರು ಮೈಕಿನಾಗ “ಬರ್ರಿ, ಬರ್ರಿ, ನಿಂತಲ್ಲೇ ನಿಂತು ಲೋಕ ಸುತ್ತರಿ” ಅಂತ ಒದರ್ತಿದ್ರು. ಅವರು ಮಾತ್ರ ಒಮ್ಮಿನೂ ಟೊಪ್ಪಗಿ ಹಾಕೊಳ್ಳಿಲ್ಲ. ಅಂಜಕಿ. ಕೇಳಿದ್ರ “ಮಾಲಕ ಆಡಬಾರದು” ಅಂತಿದ್ರು.

ಒಳಗ ಒಂದು ಹಳೇ ಕ್ವಾಟಿಯಂಥಾ ಖೋಲಿ. ಗ್ವಾಡಿ ತುಂಬ ಗೂಡು. ಗೂಡಿನಾಗ ಗಡಿಗಿ, ದೀಪ, ಹಕ್ಕಿ, ಚೆಂಡು. ನಾಕು ನಿಮಿಷದಾಗ ಎಲ್ಲಾ ಎತ್ತಬೇಕು. ಎಲ್ಲಾದಕ್ಕೂ ಕಡೀಕ, ಮ್ಯಾಲಿನ ಗೂಡಿನಾಗ, ಆರು ಕರೇ ಜಾಡಿಗಳ ಹಿಂದ, ಒಂದು ಕೆಂಪ ಬಾಟ್ಲಿ. ಅದರ ಕುತ್ತಗಿ ಅಷ್ಟ ಕಾಣತಿತ್ತು. ಅದನ್ನ ಯಾರೂ ಎತ್ತಿದ್ದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಕೂ ಕಡೆ ಮಂದಿ ಗೇಣು ಗೇಣು ಕೈ ಚಾಚಿ ಸೋತಿದ್ರು. ನಾನೂ ಸೋತಿದ್ನಿ.

ಮೊದಲು ಇದ್ದದ್ದು ಕೈ ಪದ್ಧತಿ. ನಿಮ್ಮ ಕೈ ಒಳಗ ಒಂದು ಬೆಳ್ಳನ ಕೈ ಆಗಿ ಕಾಣತಿತ್ತು. ಅದನ್ನ ಸಾಮಾನಿಗೆ ಮುಟ್ಟಿಸಿ ಗುಂಡಿ ಒತ್ತಿದ್ರ ಕೈಗೆ ಬರತಿತ್ತು. ಹಂತ್ಯಾಕಿಂದು ಬರತಿತ್ತು, ದೂರದ್ದು ಬರತಿದ್ದಿಲ್ಲ. ಮುಂದ ಹೋಗಬೇಕಂದ್ರ ಸೊಂಟಕ್ಕ ಕಟಾಂಜನ. ಮಂದಿ ಅದರ ಮ್ಯಾಲ ಬಾಗಿ ಬಾಗಿ ಬೀಳತಿದ್ರು. ಸಿಂದಗ್ಯಾಗ ಒಬ್ಬಾಂವ ಕಟಾಂಜನ ಹತ್ತಿ ನಿಂತು, “ಈಗ ಸಿಗತೈತಿ ಬಿಡು” ಅಂದು, ಟೊಪ್ಪಗಿ ಸಮೇತ ಮುಂದಿನ ಬಾಳಿಹಣ್ಣಿನ ಗಾಡಿ ಮ್ಯಾಲ ಬಿದ್ದ. ಗಾಡಿ ಮುದಕಿ ಅಂವಗ ಒಂದೂ ಮಾತ ಅನ್ನಲಿಲ್ಲ, ನನಗ ಬೈದಳು. ಈ ಕೆಲಸದಾಗ ಬೈಗಳ ಯಾವಾಗ್ಲೂ ಟೊಪ್ಪಗಿ ಹಾಕದಾಂವಗ.

ಆಮ್ಯಾಲ ಪುಣೇದಿಂದ ಒಬ್ಬ ಮೆಕ್ಯಾನಿಕ್ ಬಂದು ಮಷೀನಿನೊಳಗ ಹೊಸಾದೊಂದು ಆಟದ ಪ್ಲೇಟ್ ಹಾಕಿದ. ಎರಡನೇ ಪದ್ಧತಿ ಬಂತು. ಕೋಲಿನ ತುದಿಯಿಂದ ಬೆಳಕಿನ ಎಳಿ ಹೊಂಡತಿತ್ತು. ಎಳಿ ಯಾವುದಕ್ಕ ತಾಗತೈತೋ ಅದನ್ನ ಗುಂಡಿ ಒತ್ತಿ ಎಳಕೋಬೇಕು. ದೂರದ್ದೂ ಬರತಿತ್ತು. ಎಲ್ಲಾರೂ ಖುಷಿ. ಆದ್ರ ಎರಡು ತ್ರಾಸ. ಒಂದು, ಕೈ ಒಂದ ಬೆರಳಿನಷ್ಟು ನಡುಗಿದ್ರ ಎಳಿಯ ತುದಿ ಅಲ್ಲಿ ಮೊಳ ಸರಿತಿತ್ತು. ಇನ್ನೊಂದು, ಎಳಿ ಮೊದಲ ತಾಗಿದ್ದನ್ನ ಹಿಡಿತಿತ್ತು, ಅದರ ಹಿಂದಿಂದು ಹಿಡಿತಿದ್ದಿಲ್ಲ. ಅಂದ್ರ ಕೆಂಪ ಬಾಟ್ಲಿಗೆ ಎಳಿ ಬಿಟ್ರ ಕರೇ ಜಾಡಿ ಬರತಿತ್ತು. ಕೈಗೆ ಅದು ದೂರ. ಎಳಿಗೆ ಜಾಡಿ ಅಡ್ಡ. ಯಾವುದಕ್ಕೂ ಬಗ್ಗೂದಲ್ಲ.

ನಡಗೂ ಕೈಗೆ ಔಷಧ ಕಂಡ ಹಿಡಿದಾಂವ ನಾನು. ಸಿಂದಗ್ಯಾಗ ಒಬ್ರು ಸಾಲಿ ಮಾಸ್ತರು ದಿನಾ ಬರತಿದ್ರು. ಎಳಿ ಸರಿಯಾಗಿ ಹಕ್ಕಿ ಮ್ಯಾಲ ಇಡತಿದ್ರು, ಗುಂಡಿ ಒತ್ತತಿದ್ರು, ಹಕ್ಕಿ ತಪ್ಪತಿತ್ತು. “ಮಷೀನ ಕಳ್ಳ ಐತಿ” ಅಂತಿದ್ರು. ನಾ ಟಿವಿ ಬಿಟ್ಟು ಅವರ ಕೈನ ನೋಡಿದ್ನಿ. ಗುಂಡಿ ಒತ್ತೂ ಮುಂದನ ಮಣಿಕಟ್ಟು ಕೆಳಗ ಜಗ್ಗತಿತ್ತು. “ಸರ್, ಕೋಲು ಹೊಟ್ಟಿಗೆ ಆನಸರಿ. ಉಸುರು ಹಿಡೀರಿ. ಗುಂಡಿ ಹೊಡೀಬ್ಯಾಡ್ರಿ, ಮೆಲ್ಲಕ ಹಿಚುಕ್ರಿ” ಅಂದ್ನಿ. ಹಕ್ಕಿ ಬಂತು. ಮಾಸ್ತರು ಟೊಪ್ಪಗಿ ತಗದು “ನೀ ನನಗ ಮಾಸ್ತರ ಆದ್ಯಲ್ಲೋ” ಅಂದ್ರು. ಅವತ್ತು ನಾ ನೆಲದ ಮ್ಯಾಲ ಇದ್ದಿಲ್ಲ.

ಇನ್ನೊಂದು ಗುಟ್ಟು ನನಗ ಬಸವನ ಬಾಗೇವಾಡ್ಯಾಗ ಸಿಕ್ಕಿತು. ಅಲ್ಲಿ ನಮ್ಮ ಮಳಗಿ ಮಗ್ಗಲಕ ಕಬ್ಬಣದ ಅಂಗಡಿ. ಅವತ್ತು ಅವರು ನಮ್ಮ ಗ್ವಾಡಿಗೆ ಹತ್ತಿಸಿ ಹೊಸಾ ಸರಳು ಒಟ್ಟಿದ್ರು. ಅವತ್ತಿನ ದಿನ ಎಲ್ಲಾರ ಕೈ ಒಳಗ ಅಡ್ಡಾದಿಡ್ಡಿ. ಕೈ ಎದಿ ಮುಂದ ಇಟ್ರ ಒಳಗ ಮೊಳ ಆಚೆ ಕಾಣತಿತ್ತು. ಸಾವ್ಕಾರ್ರು ಪುಣೇಕ ಫೋನ್ ಹಚ್ಚಾಕ ಓಡಿದ್ರು. ಮೆಕ್ಯಾನಿಕ್ ಹೋಗೂ ಮುಂದ ನನಗ ಒಂದ ಮಾತ ಹೇಳಿದ್ದ, “ಇದು ಕೈ ಎಲ್ಲೈತಿ ಅಂತ ಚುಂಬಕದಿಂದ ತಿಳಕೊಂತೈತಿ, ಹಂತ್ಯಾಕ ಹಾಡಿನ ಕ್ಯಾಸೆಟ್ ಇಡಬ್ಯಾಡ” ಅಂತ. ಚುಂಬಕಕ್ಕ ಕಬ್ಬಣ ಹತ್ತತೈತಿ ಅನ್ನೂದು ಸಾಲ್ಯಾಗ ಕಲ್ತಿದ್ದು ನೆನಪಾತು. ಮಷೀನು ಎಂಟು ಫೂಟ್ ಈ ಕಡೆ ಸರಸಿದ್ನಿ. ಕೈ ಸರಿ ಆತು. ಸಾವ್ಕಾರ್ರು ತಿರಗಿ ಬಂದು “ಏನ ಮಾಡಿದೆಲೇ ಶಿವ್ಯಾ?” ಅಂದ್ರು. “ಸುಧಾರಸಿದ್ನಿರಿ” ಅಂದ್ನಿ. ಹೆಂಗ ಅಂತ ಹೇಳಲಿಲ್ಲ. ಗುಟ್ಟು ಹೇಳಿದ್ರ ನನ್ನ ಕಿಮ್ಮತ್ತು ಎಲ್ಲಿ ಉಳಿತೈತಿ?

ಇಷ್ಟರಾಗ ದತ್ತು ಬಂದ.

ಇಂಡಿ ಹಂತ್ಯಾಕ ಅಂವನ ಮನಿ. ಸಣ್ಣಾಂವ ಇದ್ದಾಗಿಂದ ಅವ್ವನ ಸಂಗಟ ಲಿಂಬಿ ತ್ವಾಟದಾಗ ಹಣ್ಣ ಹರಿಯಾಕ ಹೋಗತಿದ್ದ. ಎರಡೂ ಮೊಣಕೈ ಮಟ ಮುಳ್ಳಿನ ಗೀರು. ಮಾತ ಕಡಿಮಿ, ನಗೂದ ಹೆಚ್ಚು. ಮಷೀನು ನೋಡಾಕ ಬಂದಾಂವ ಮೊದಲನೇ ಸರ್ತಿನ ಬಾಟ್ಲಿ ಒಂದ ಬಿಟ್ಟು ಎಲ್ಲಾ ಎತ್ತಿದ, ಎರಡ ನಿಮಿಷದಾಗ. ನನಗ ಮೂರ ನಿಮಿಷ ಬೇಕಾಗತಿತ್ತು, ಅದೂ ಆರು ತಿಂಗಳ ಆದ ಮ್ಯಾಲ.

ಸಾವ್ಕಾರ್ರು ಎಲಿ ಅಡಕಿ ಉಗುಳಿ ಬಂದು, “ಕೆಲಸ ಮಾಡ್ತಿ ಏನೋ?” ಅಂದ್ರು. “ಮಾಡ್ತೇನ್ರಿ” ಅಂದ. ಮುಗೀತು.

ನನಗ ಹೊಟ್ಟಿ ಉರೀತು. ಬ್ಯಾರೆ ಮಾತಿಲ್ಲ.

ಅಂವ ಹೆಂಗ ಎತ್ತತಿದ್ದ ಅನ್ನೂದು ಹೇಳ್ತೇನಿ. ನಾವೆಲ್ಲಾ ಸಾಮಾನಿಗೆ ಎದುರಾಎದುರ ಕೈ ಹಾಕ್ತಿದ್ವಿ. ಅಂವ ಮೊದಲ ಕೈ ತಗ್ಗಿಸಿ, ಕೆಳಗಿಂದ, ಒಂದ ಮಗ್ಗಲಿಂದ ಒಯ್ತಿದ್ದ. “ಯಾಕಲೇ ಹಂಗ?” ಅಂತ ಕೇಳಿದ್ನಿ. “ಲಿಂಬಿ ಗಿಡಕ್ಕ ಎದುರಿಂದ ಕೈ ಹಾಕಿದ್ರ ಮುಳ್ಳು ಚುಚ್ಚತಾವ ಶಿವಣ್ಣಾ. ಹಣ್ಣ ನೋಡಬಾರದು, ದಾರಿ ನೋಡಬೇಕು” ಅಂದ. ಮಂದಿ ಇದನ್ನ ಕೇಳಿ “ಆಹಾ” ಅಂದ್ರು. ನಾ ಮಾಸ್ತರಿಗೆ ಉಸುರು ಹಿಡೀರಿ ಅಂದಾಗ ಯಾರೂ ಆಹಾ ಅಂದಿದ್ದಿಲ್ಲ.

ದಿನ ಹೋದಂಗ ಗಿರಾಕಿಗಳು “ದತ್ತು ಇಲ್ಲೇನು?” ಅಂತ ಕೇಳಾಕ ಹತ್ತಿದ್ರು. “ನಾ ಇದ್ದೇನಲ್ರಿ” ಅಂದ್ರ “ಹಂಗಾದ್ರ ಚಾ ಕುಡದ ಬರ್ತೇವಿ” ಅಂತಿದ್ರು. ಅಂವಗ ಕೆಟ್ಟದ್ದು ಮಾಡಬೇಕು ಅಂತ ಇದ್ದಿಲ್ಲ ನನಗ. ಅಂವ ಇರಬಾರದಿತ್ತು ಅಂತ ಅಷ್ಟ ಇತ್ತು.

ಅಷ್ಟರಾಗ ಸಾವ್ಕಾರ್ರು ಮುದ್ದೇಬಿಹಾಳದಾಗ ಒಂದು ಕಾಯಂ ಮಳಗಿ ಹಿಡಿದ್ರು. ಊರೂರು ತಿರಗಿ ಮಷೀನು ಅಳ್ಳಾಡಾಕತ್ತಿತ್ತು, ಒಂದ ಕಡೆ ಇಡೂದು ಅಂತ ಠರಾಯಿಸಿದ್ರು. “ಮಳಗಿಗೆ ಒಬ್ಬಾಂವ ಸಾಕು. ಇನ್ನೊಬ್ಬಾಂವ ನನ್ನ ಸಂಗಟ ತೊಟ್ಟಿಲ ತಿರಗಸಾಕ ಬರಲಿ. ಇಂಡಿ ಸಂತ್ಯಾಗ ನೋಡ್ತೇನಿ, ಯಾರ ಕೈಯಾಗ ಮಂದಿ ಚಲೋ ಆಡ್ತಾರ ಅವರಿಗೆ ಮಳಗಿ” ಅಂದ್ರು. ತೊಟ್ಟಿಲ ತಿರಗಸೂದು ಅಂದ್ರ ಒಂದ ಹಿಡಿಕಿ ಎಳಿಯೂದು, ಬಿಡೂದು. ಎತ್ತೂ ಮಾಡತೈತಿ ಅದನ್ನ. ಮಷೀನು ಬಿಟ್ಟು ನನಗ ಬ್ಯಾರೆ ಏನೂ ಬರತಿದ್ದಿಲ್ಲ. ಬ್ಯಾರೆ ಯಾವುದರಾಗೂ ನನಗ ಯಾರೂ ಮಾಸ್ತರ ಅಂದಿದ್ದಿಲ್ಲ.

ಇಂಡಿ ಸಂತಿ ಬಂತು. ಮುಂಜಾನೆ ನನ್ನ ಪಾಳಿ, ಮಧ್ಯಾಹ್ನ ದತ್ತೂಂದು. ನನ್ನ ಪಾಳಿ ಚಲೋನ ಹೋತು, ಎಂಟು ಮಂದಿಯಾಗ ಆರು ಮಂದಿ ಬಾಟ್ಲಿ ಒಂದ ಬಿಟ್ಟು ಎಲ್ಲಾ ಎತ್ತಿದ್ರು. ಸಾವ್ಕಾರ್ರು ತಲಿ ಆಡಿಸಿದ್ರು. ಆದ್ರ ಆಗಲೇ ದತ್ತೂನ ಊರಿನ ಮಂದಿ ಬಂದು ಕೂಡಾಕತ್ತಿದ್ರು. “ನಮ್ಮ ದತ್ತೂಂದು ಯಾವಾಗ?” ಅಂತ ಅವರ ಗದ್ದಲ. ಅಂವನ ಅವ್ವನೂ ಬಂದಿದ್ದಳು, ಮಗಾ ಏನ ಕೆಲಸ ಮಾಡ್ತಾನ ಅಂತ ಮೊದಲನೇ ಸರ್ತಿ ನೋಡಾಕ. ಆಕಿ ನನಗ “ನೀನ ಏನಪಾ ಶಿವಣ್ಣ? ನಮ್ಮಾಂವ ಮನ್ಯಾಗ ನಿಂದ ಹೆಸರ ಹೇಳ್ತಾನ” ಅಂದಳು. ನಾ “ಹೂಂರಿ” ಅಂದು ಮುಖ ತಿರಿವಿದ್ನಿ.

ಎಲ್ಲಾರೂ ಊಟಕ್ಕ ಹೋದಾಗ ತೊಟ್ಟಿಲದ ಗೂಟ ಹುಗಿಯೂ ಎರಡು ಕಬ್ಬಣದ ಹಾರಿ ತಂದು, ಮಷೀನಿನ ಹಲಿಗಿ ಕೆಳಗ ಜೋಡಿಸಿ ಇಟ್ನಿ. ಒಂದ ನಿಮಿಷದ ಕೆಲಸ.

ಮಧ್ಯಾಹ್ನ ದತ್ತೂನ ಮೊದಲನೇ ಗಿರಾಕಿ ಒಬ್ಬ ತೊಗರಿ ವ್ಯಾಪಾರಿ. ಎಳಿ ದೀಪಕ್ಕ ಬಿಟ್ರ ಹಕ್ಕಿ ಮ್ಯಾಲ ಬೀಳತಿತ್ತು. ಒಂದೂ ಎತ್ತಲಿಲ್ಲ. ಎರಡನೇದಾಂವ ಎರಡ ಎತ್ತಿದ. ಮೂರನೇದಾಂವ ಬೈಕೋಂತ ಇಳದ. ಊರಿನ ಮಂದಿನ ಶುರು ಮಾಡಿದ್ರು: “ಏ ದತ್ತೂ, ಲಿಂಬಿ ಹರಿಯೂದ ಪಾಡ ಇತ್ತಲ್ಲೋ!” ಅಂವನ ಅವ್ವ ಸೆರಗು ಬಾಯಿಗೆ ಹಿಡದು ನಿಂತಿದ್ದಳು. ಸಾವ್ಕಾರ್ರು ಮೈಕ್ ಬಂದ್ ಮಾಡಿದ್ರು. ನಾ ಟಿವಿ ಮಗ್ಗಲಕ ಕೈ ಕಟ್ಟಿ ನಿಂತಿದ್ನಿ. ಹಗುರ ಅನಸಾಕತ್ತಿತ್ತು ನನಗ, ಸುಳ್ಳ ಹೇಳೂದಿಲ್ಲ.

ದತ್ತು “ಒಂದ ಸ್ವಲ್ಪ ತಡೀರಿ” ಅಂದು ತಾನ ಟೊಪ್ಪಗಿ ಹಾಕೊಂಡ. ಎಳಿ ಆ ಕಡೆ ಈ ಕಡೆ ಬಿಟ್ಟ. ಮಂದಿ ಸೀಟಿ ಹೊಡದ್ರೂ ಅಲಗಾಡಲಿಲ್ಲ. ಕೈನ ಮೆಲ್ಲಕ ಮುಂದ ಒಯ್ದ, ಹಿಂದ ತಂದ. ಮತ್ತ ಮುಂದ ಒಯ್ದ. ಕತ್ತಲದಾಗ ಗ್ವಾಡಿ ತಡವ್ಯಾಡಿ ದೀಪದ ಗುಂಡಿ ಹುಡುಕಿದಂಗ.

“ಶಿವಣ್ಣಾ,” ಅಂದ ಟೊಪ್ಪಗಿ ಒಳಗಿಂದ, “ಎಳಿ ತಗಿ. ಕೈ ಹಾಕು.”

ಪದ್ಧತಿ ಬದಲಿಸೂ ಸ್ವಿಚ್ಚು ನನ್ನ ಮುಂದ ಇತ್ತು. ನಾ ಖುಷಿಲೆ ಒತ್ತಿದ್ನಿ. ಕೈ ಪದ್ಧತ್ಯಾಗ ದೂರದ್ದು ಯಾರಪ್ಪಗೂ ಸಿಗೂದಿಲ್ಲ, ಇನ್ನೂ ಮಾನ ಹೋಗತೈತಿ ಅಂತ ತಿಳದಿದ್ನಿ.

ಟಿವ್ಯಾಗ ಅಂವನ ಬೆಳ್ಳನ ಕೈ ಕಾಣಸ್ತು. ಅಂವ ಮೊಣಕೈ ಮಡಚೇ ನಿಂತಿದ್ದ, ಆದ್ರ ಒಳಗ ಕೈ ಅರ್ಧ ಖೋಲಿ ದಾಟಿತ್ತು. ಕಬ್ಬಣ ಅಂವನ ಕೈನ ಕೆಡಿಸಿದ್ದಿಲ್ಲ, ಉದ್ದ ಮಾಡಿತ್ತು. ನನಗ ಅವಾಗ ತಿಳೀತು. ಓಡಿ ಹೋಗಿ ಹಾರಿ ಜಗ್ಗಬೇಕಂದ್ರ ಸುತ್ತ ಇನ್ನೂರು ಕಣ್ಣು.

ಅಂವ ಕೈ ತಗ್ಗಿಸಿದ. ಗೂಡಿನ ಕೆಳಗ ಒಯ್ದ. ಕೈ ಎಡಕ್ಕ ಜಗ್ಗತಿತ್ತು, ಅಂವ ಅಷ್ಟ ಬಲಕ್ಕ ಹಿಡದ. ಒಂದ ಜಾಡಿಗೂ ತಾಗದಂಗ, ಗೂಡಿನ ಮಗ್ಗಲಿಂದ, ಜಾಡಿಗಳ ಹಿಂದ. ಬೆಳ್ಳನ ಬೆರಳು ಕಾಣದಂಗ ಆದ್ವು. ಗುಂಡಿ ಹೊಡೀಲಿಲ್ಲ, ಹಿಚುಕಿದ. ಅದು ನಾ ಕಲಿಸಿದ್ದು.

ಕೆಂಪ ಬಾಟ್ಲಿ ಹೊರಗ ಬಂತು.

ಮಂದಿ ಎಬ್ಬಸಿದ ಗದ್ದಲಕ್ಕ ಮಳಗಿ ತಗಡ ನಡಗಿತು. ಸಾವ್ಕಾರ್ರು ಮೈಕ್ ಹಚ್ಚೂದ ಮರತು ಬರೇ ಬಾಯಲೆ ಒದರ್ಯಾಡಾಕತ್ತಿದ್ರು. ದತ್ತು ಟೊಪ್ಪಗಿ ತಗದು, “ಅವ್ವಾ, ಬಾ ಇಲ್ಲಿ” ಅಂದ.

“ನಾನಾ? ಹುಚ್ಚ ಹಿಡದೈತೇನೋ ನಿನಗ?”

“ಲಿಂಬಿನ ಐತಿ ತಿಳಕೋ. ಬಾ.”

ಆಕಿ ಸೆರಗಿನ ಮ್ಯಾಲನ ಟೊಪ್ಪಗಿ ಹಾಕಿಸಿಕೊಂಡಳು. ಅಂವ ಆಕಿ ಬೆನ್ನ ಹಿಂದ ನಿಂತು “ಕೆಳಗ ಹಾಕ ಅವ್ವಾ, ಕೆಳಗ… ಈಗ ಮಗ್ಗಲಿಂದ” ಅಂತ ಮೆಲ್ಲಕ ಹೇಳ್ತಿದ್ದ. ಆಕಿಗೆ ಅಂವ ಹೇಳೂದ ಬೇಕಾಗಿದ್ದಿಲ್ಲ. ಒಂದ ನಿಮಿಷದಾಗ ಬಾಟ್ಲಿ ಆಕಿ ಕೈಯಾಗ. “ಇಲ್ಲಿ ಮುಳ್ಳ ಇಲ್ಲಲೋ! ಇಷ್ಟಕ್ಕ ಯಾಕ ಒದರ್ತಾರ ಇವರೆಲ್ಲಾ?” ಅಂದಳು.

ಸಾವ್ಕಾರ್ರು ಅಲ್ಲೇ ಅಂದ್ರು: “ಮುದ್ದೇಬಿಹಾಳ ಮಳಗಿ ದತ್ತೂಗ.”

ಸಂಜಿಮುಂದ ಮಷೀನು ಬಿಚ್ಚಾಕ ಹಲಿಗಿ ಎತ್ತಿದ್ವಿ. ಯಾರೂ ನೋಡೂಕಿಂತ ಮೊದಲ ಹಾರಿ ತಗಿಯಾಕ ನಾ ನನ್ನ ಮಗ್ಗಲ ಎತ್ತಬೇಕಂತ ಮಾಡಿದ್ನಿ, ಆದ್ರ ದತ್ತು ತನ್ನ ಮಗ್ಗಲ ಎತ್ತಿ ಬಿಟ್ಟ. ಎರಡೂ ಹಾರಿ ಅಲ್ಲೇ ಬಿದ್ದಿದ್ವು.

“ಇದನ್ನ ಯಾರ ಇಟ್ಟಾರ ಇಲ್ಲಿ?” ಅಂದ್ರು ಸಾವ್ಕಾರ್ರು.

ದತ್ತು ಒಂದ ಹಾರಿ ಎತ್ತಿ ನೋಡಿದ, ಕಟಾಂಜನದ ಹಂತ್ಯಾಕ ಹಿಡದು ನೋಡಿದ. ಅಂವನ ಮುಖ ಅರಳಿತು. “ದಿನಾ ಇಲ್ಲದ್ದು ಇವತ್ತ ಇದೊಂದ ಐತಿ. ಇದರಲಿಂದ ಕೈ ಉದ್ದ ಆಗೈತಿ! ಶಿವಣ್ಣಾ, ನೀ ಇಟ್ಟಿದ್ದೇನು? ನಮ್ಮೂರಾಗ ನನ್ನ ಮರ್ಯಾದಿ ಉಳಿಲಿ ಅಂತ? ಮೊದಲ ಒಂದ ಮಾತ ಹೇಳಬಾರದೇನೋ ಮಾರಾಯಾ, ಮೂರು ಗಿರಾಕಿ ಬೈಸಿಕೊಂಡ್ನಿ!”

“ಹೂಂ,” ಅಂದ್ನಿ ನಾ.

ಅಂವ ಸಾವ್ಕಾರ್ರ ಕಡೆ ತಿರಗಿದ. “ಹಂಗಿದ್ರ ಮಳಗಿ ಶಿವಣ್ಣಗ ಕೊಡ್ರಿ. ನಾ ಬರೇ ಕೈ ಹಾಕಿದ್ನಿ. ಮಷೀನಿನ ಹೊಟ್ಯಾಗ ಏನೈತಿ ಅಂತ ಗೊತ್ತಿದ್ದಾಂವ ಇಂವ. ಕೆಟ್ರ ಸುಧಾರಸಾಕ ನನಗೆಲ್ಲಿ ಬರತೈತ್ರಿ?”

ಸಾವ್ಕಾರ್ರು ಬಾಯಾಗಿನ ಎಲಿ ಉಗುಳಿದ್ರು. “ಖರೇನೇನಲೇ ಶಿವ್ಯಾ?”

“ಖರೇರಿ.”

ಮಳಗಿ ನನಗ ಬಂತು. ದತ್ತು ತೊಟ್ಟಿಲ ತಿರಗಸಾಕ ಹೋದ.

ಮುದ್ದೇಬಿಹಾಳದಾಗ ನಾ ಮೂರು ವರ್ಷ ಇದ್ನಿ. ಹಾರಿ ಎರಡೂ ಹಲಿಗಿ ಕೆಳಗ ಬೇಕಾದಾಗ ಸರಸೂ ಹಂಗ ಇಟ್ಟಿದ್ನಿ. ಎಳಿಗೆ ಸಿಗದ್ದಕ್ಕ ಕೈ ಪದ್ಧತಿ, ಕೈಗೆ ಸಿಗದ್ದಕ್ಕ ಹಾರಿ. ಆಲಮಟ್ಟಿ ಡ್ಯಾಮಿನ ಕೆಲಸದವರು, ಕಾಲೇಜಿನ ಹುಡುಗರು, ಎಲ್ಲಾರೂ ಬಂದು ಕೆಂಪ ಬಾಟ್ಲಿಗೆ ಕೈ ಹಾಕಿದ್ರು. ಕೆಲವರಿಗೆ ಸಿಕ್ಕಿತು. ಸಿಕ್ಕವರೆಲ್ಲಾ ಒಂದ ಮಾತ ಕೇಳತಿದ್ರು: “ಇದನ್ನ ಮೊದಲ ಎತ್ತಿದಾಂವ ಯಾರ್ರಿ?” ಸಾವ್ಕಾರ್ರು ಗ್ವಾಡಿಗೆ ದತ್ತೂಂದು, ಅಂವನ ಅವ್ವಂದು ಫೋಟೋ ಹಚ್ಚಿಸಿದ್ರು. ನಾ ದಿನಾ ಅದರ ಧೂಳ ಒರಸಬೇಕಾಗತಿತ್ತು.

ಮುಂಜಾನೆ ಗಿರಾಕಿ ಬರೂಕಿಂತ ಮೊದಲ ಷಟರ್ ಅರ್ಧ ಇಳಿಸಿ, ನಾ ಟೊಪ್ಪಗಿ ಹಾಕೋತಿದ್ನಿ. ಕೆಳಗಿಂದ ಒಯ್ದ್ನಿ, ಮಗ್ಗಲಿಂದ ಒಯ್ದ್ನಿ, ಉಸುರ ಹಿಡದ್ನಿ. ಪ್ರತಿ ಸಲ ಒಂದಿಲ್ಲೊಂದು ಕರೇ ಜಾಡಿ ಕೈಗೆ ಹತ್ತಿ ಬರತಿತ್ತು. ನಾ ಹಣ್ಣನ್ನ ನೋಡತಿದ್ನಿ, ದಾರಿ ನೋಡಾಕ ನನಗ ಆಗಲೇ ಇಲ್ಲ. ಮೂರು ವರ್ಷದಾಗ ಒಮ್ಮಿನೂ ಬಾಟ್ಲಿ ಸಿಗಲಿಲ್ಲ.

ದತ್ತು ಒಮ್ಮೆ ಬಂದಿದ್ದ, ಹೆಂಡ್ತಿ ಕರಕೊಂಡು. ತೊಟ್ಟಿಲ ಬಿಟ್ಟು ತಿರಗಿ ಲಿಂಬಿ ತ್ವಾಟಕ್ಕ ಹೋಗಾಕತ್ತಿದ್ದ. ಹೆಂಡ್ತಿಗೆ ನನ್ನ ತೋರಿಸಿ “ಇಂವನ ನನ್ನ ಗುರು” ಅಂದ. ಆಮ್ಯಾಲ “ಶಿವಣ್ಣಾ, ನೀ ಎತ್ತೂದ ನಾ ಇನ್ನೂ ನೋಡಿಲ್ಲ. ಒಮ್ಮೆ ಎತ್ತಿ ತೋರ್ಸು” ಅಂದ. ನಾ “ಗಿರಾಕಿ ಬರೂ ಹೊತ್ತು, ಇನ್ನೊಮ್ಮೆ” ಅಂದ್ನಿ. ಮಳಗ್ಯಾಗ ಒಬ್ಬ ಗಿರಾಕಿನೂ ಇದ್ದಿಲ್ಲ. ಹಾರಿ ಯಾಕ ಇಟ್ಟಿದ್ನಿ ಅಂತ ಅಂವಗ ಇಂಡ್ಯಾಗ ಅವತ್ತ ಗೊತ್ತಿತ್ತೋ, ಖರೇನ ನನ್ನ ನಂಬಿದ್ದನೋ, ನನಗ ತಿಳೀಲಿಲ್ಲ. ಕೇಳಬೇಕಂತ ಬಾಯಿತನಕ ಬಂದಿತ್ತು. ಅಂವ ಹಂಗ ನಕ್ಕೋಂತ ನಿಂತಿದ್ದು ನೋಡಿ ಮತ್ತ ಹೊಟ್ಟಿ ಉರೀತು, ನುಂಗಿದ್ನಿ.

ಮುಂದ ಟೊಪ್ಪಗಿ ಒಳಗಿನ ಒಂದ ಕಣ್ಣು ಕತ್ತಲಾತು. ಅಂಥಾದ್ದು ಎಲ್ಲೂ ಸಿಗಲಿಲ್ಲ. ಮಷೀನು ಮತ್ತ ಗುಜರಿಗೆ ಹೋತು.

ಹಾರಿ ಇಟ್ಟಾಂವ ನಾನು. ಅಂವಗ ಒಳ್ಳೇದಾಗಲಿ ಅಂತ ಇಟ್ಟಿದ್ದಲ್ಲ. ಇದನ್ನ ಇವತ್ತಿನ ತನಕ ಯಾರಿಗೂ ಹೇಳಿದ್ದಿಲ್ಲ, ಈಗ ಹೇಳೇನಿ. ದತ್ತು ಓದಿದ್ರ ಬಂದು ಬೈಲಿ. ಇಷ್ಟ ಇತ್ತು ನನ್ನ ಕಡೆ, ಖಾಲಿ ಆತು.